ಲೋಹ ಬದಲಿಸಿದರೆ ಪೇಟೆಂಟ್ ತಪ್ಪುತ್ತದಾ?

ಮಹಾಲಿಂಗಪುರದಲ್ಲಿ ಲೇತ್ ಇಟ್ಟುಕೊಂಡಿರುವ ಗೆಳೆಯನೊಬ್ಬ ಒಂದು ಫೋಟೊ ಕಳಿಸಿದ್ದ. ದಪ್ಪ ಪ್ಲಾಸ್ಟಿಕ್ ಬಳೆ, ಅದರ ಹೊರಮೈಮೇಲೆ ಓರೆಯಾಗಿ ಎದ್ದ ಏಣುಗಳು. ಮಗ್ಗದ ಬಿಡಿಭಾಗ, ಕಬ್ಬಿನ ಗಾಣದ ರಿಪೇರಿ ಮಾಡಿಕೊಂಡಿರುವವನಿಗೆ ಈ ಸಾಮಾನಿನ ವಿಚಾರಣೆ ಬಂದಿತ್ತು. ಹಿಂದೆಯೇ ಫೋನು: 'ಎಣ್ಣಿ ಬಾವಿಗಿ ಹಾಕೂದಂತಲೇ. ಪ್ಲಾಸ್ಟಿಕ್‌ದ್ದಕ್ಕ ಯಾರದೋ ಪೇಟೆಂಟ್ ಐತಂತ. ನಾವು ಅಲ್ಯೂಮಿನಿಯಂದಾಗ ಎರಕಾ ಹೊಯ್ದ್ರ ಆತಲ್ಲೋ?'

ಆತಲ್ಲೋ ಅನ್ನುವಷ್ಟು ಸಲೀಸಲ್ಲ ಇದು. ಯಾಕೆ ಅಂತ ನೋಡೋಣ.

ಆ ಬಳೆಯ ಹೆಸರು ಸೆಂಟ್ರಲೈಸರ್. ನಮ್ಮ ಹೊಲದ ಬೋರ್‌ವೆಲ್‌ನಲ್ಲಿ ಮೇಲಿನ ಮಣ್ಣು ಕುಸಿಯದಿರಲಿ ಅಂತ ಕೇಸಿಂಗ್ ಪೈಪ್ ಇಳಿಸುತ್ತೇವಲ್ಲ, ಎಣ್ಣೆ ಬಾವಿಯಲ್ಲೂ ಹಾಗೇ. ಆದರೆ ಅಲ್ಲಿ ಆಳ ಕಿಲೋಮೀಟರುಗಟ್ಟಲೆ, ಕೆಳಗೆ ಒತ್ತಡದಲ್ಲಿ ಕೂತ ಎಣ್ಣೆ ಮತ್ತು ಅನಿಲ. ಪೈಪ್ ಮತ್ತು ಬಂಡೆಯ ನಡುವಿನ ಸಂದಿಗೆ ಸಿಮೆಂಟ್ ತುಂಬಿ ಅನಿಲ ಮೇಲೇರದಂತೆ ಮುಚ್ಚಬೇಕು. ಪೈಪ್ ಒಂದು ಬದಿಗೆ ವಾಲಿದರೆ ಸಿಮೆಂಟ್ ಅಗಲ ಇರುವ ಕಡೆ ಸಲೀಸಾಗಿ ಹರಿಯುತ್ತದೆ, ಇಕ್ಕಟ್ಟಿನ ಕಡೆ ಕೊರೆಯುವಾಗಿನ ಕೆಸರು ಹಾಗೇ ಉಳಿಯುತ್ತದೆ. ಆ ಕೆಸರೇ ಮುಂದೆ ಅನಿಲಕ್ಕೆ ದಾರಿ. ಪೈಪನ್ನು ನಟ್ಟನಡುವೆ ನಿಲ್ಲಿಸುವುದು ಈ ಬಳೆಯ ಕೆಲಸ.

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಸ್ಫೋಟಿಸಿ 11 ಕಾರ್ಮಿಕರು ಸತ್ತರು, 87 ದಿನ ಎಣ್ಣೆ ಸಮುದ್ರಕ್ಕೆ ಹರಿಯಿತು. ಹ್ಯಾಲಿಬರ್ಟನ್ ಕಂಪನಿಯ ಲೆಕ್ಕ ಕೇಳಿದ್ದು 21 ಸೆಂಟ್ರಲೈಸರ್. ಬಿಪಿ ಹಾಕಿದ್ದು 6. ಹೆಚ್ಚುವರಿ 15 ತರಿಸಿದ್ದರು, ಆದರೆ ಅವು ತಮಗೆ ಬೇಕಾದ ಬಗೆಯವಲ್ಲ ಅಂದುಕೊಂಡು ಪಕ್ಕಕ್ಕಿಟ್ಟರು. ದುರಂತಕ್ಕೆ ಅದೊಂದೇ ಕಾರಣ ಅಂತ ತನಿಖೆ ಹೇಳಲಿಲ್ಲ. ಆದರೂ ಒಂದು ಬಳೆಯ ಬಗ್ಗೆ ದೇಶವೇ ಚರ್ಚಿಸುವಂತಾಯಿತು.

ಈಗ ವಸ್ತುವಿಗೆ ಬರೋಣ. ಸ್ಪ್ರಿಂಗ್ ಸ್ಟೀಲ್ ಪಟ್ಟಿಗಳು ಇಕ್ಕಟ್ಟಿನಲ್ಲಿ ಮುದುಡಿ ಮತ್ತೆ ಅರಳುತ್ತವೆ. ಆದರೆ ಹೈಡ್ರೋಜನ್ ಸಲ್ಫೈಡ್ ಇರುವ ಬಾವಿಯಲ್ಲಿ ಗಡಸು ಉಕ್ಕು ಬಿರುಕು ಬಿಡುವ ಅಪಾಯವಿದೆ. ನೈಲಾನ್‌ನಂಥ ಪ್ಲಾಸ್ಟಿಕ್ ಚೆನ್ನಾಗಿ ಜಾರುತ್ತದೆ, ತುಕ್ಕು ಹಿಡಿಯದು. ಅಡ್ಡಡ್ಡ ಕೊರೆದ ಬಾವಿಗೆ ಅದು ಅನುಕೂಲ; ಆದರೆ ನೀರು ಹೀರುತ್ತದೆ, ಬಿಸಿ ಏರಿದಂತೆ ಮೆತ್ತಗಾಗುತ್ತದೆ.

ಗೆಳೆಯ ಹೇಳಿದ ಅಲ್ಯೂಮಿನಿಯಂ? ಹಗುರ, ಎರಕವೂ ಸುಲಭ, ಎಷ್ಟೋ ಬಾವಿಗಳಲ್ಲಿ ಬಳಸಿದ್ದಾರೆ. ಆದರೆ ಹಸಿ ಸಿಮೆಂಟ್ ತೀಕ್ಷ್ಣ ಕ್ಷಾರ. ಕ್ಷಾರ ತಾಗಿದರೆ ಅಲ್ಯೂಮಿನಿಯಂ ಸವೆದು ಹೈಡ್ರೋಜನ್ ಬಿಡುತ್ತದೆ. ಮುಂದೆ ಬಾವಿಗೆ ಆಸಿಡ್ ಬಿಟ್ಟರೆ ಅದಕ್ಕೂ ಕರಗುತ್ತದೆ. ಎಲ್ಲ ಬಾವಿಗೂ ಒಗ್ಗುವ ಒಂದೇ ವಸ್ತು ಅಂತ ಇಲ್ಲ. ಬಿಸಿ ಎಷ್ಟು, ಯಾವ ಅನಿಲ, ಎಷ್ಟು ಬಾಗು: ಇದನ್ನು ಬಾವಿಯನ್ನೇ ಕೇಳಬೇಕು.

ಇನ್ನು ಪೇಟೆಂಟ್. ಅದು 'ಪೈಪನ್ನು ನಡುವೆ ನಿಲ್ಲಿಸುವುದು' ಎಂಬ ಕೆಲಸಕ್ಕೆ ಸಿಗುವ ಒಡೆತನ ಅಲ್ಲ. ದಾಖಲೆಯ ಕೊನೆಯಲ್ಲಿ ನಂಬರ್ ಹಾಕಿದ ವಾಕ್ಯಗಳಿರುತ್ತವೆ, ಅವನ್ನು ಕ್ಲೇಮ್ ಅನ್ನುತ್ತಾರೆ. ಬೇಲಿ ಇರುವುದು ಅಲ್ಲಿ. ಕ್ಲೇಮಿನಲ್ಲಿ ಏಣುಗಳ ಓರೆ, ಅಂತರ ಮಾತ್ರ ಇದ್ದು ವಸ್ತುವಿನ ಮಾತೇ ಇಲ್ಲದಿದ್ದರೆ, ಅಲ್ಯೂಮಿನಿಯಂದಾಗ ಹೊಯ್ದರೂ ಉಲ್ಲಂಘನೆಯೇ. ವಸ್ತುವಿನ ಹೆಸರಿದ್ದರೂ ಚಿಕ್ಕಪುಟ್ಟ ಬದಲಾವಣೆ ಕಾಪಾಡುವ ಖಾತ್ರಿ ಇಲ್ಲ. ಆವಿಷ್ಕಾರದ ತಿರುಳನ್ನೇ ಎತ್ತಿಕೊಂಡಿದ್ದರೆ ಕೋರ್ಟ್ ಬಿಡುವುದಿಲ್ಲ ಎಂಬ ನಿಲುವನ್ನು ದೆಹಲಿ ಹೈಕೋರ್ಟ್ 1970ರ ದಶಕದಲ್ಲೇ ತಳೆದಿದೆ.

ಹಾಗಾದರೆ ಕೈಕಟ್ಟಿ ಕೂರಬೇಕಾ? ಬೇಡ. ಮೊದಲನೆಯದು, ಪೇಟೆಂಟ್ ಕೊಟ್ಟ ದೇಶದೊಳಗಷ್ಟೇ ನಡೆಯುತ್ತದೆ. ಅಮೆರಿಕದಲ್ಲಿ ಪಡೆದು ಇಲ್ಲಿ ಪಡೆಯದಿದ್ದರೆ, ಇಲ್ಲಿ ಮಾಡಿ ಇಲ್ಲಿ ಮಾರಲು ಅದು ಅಡ್ಡಿಯಲ್ಲ; ಅಲ್ಲಿಗೆ ಕಳಿಸಿದರೆ ಮಾತ್ರ ಕುತ್ತು. ಎರಡನೆಯದು, ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಮುಗಿದ ಮೇಲೆ ಅದು ಎಲ್ಲರ ಸೊತ್ತು. ವಾರ್ಷಿಕ ಶುಲ್ಕ ಕಟ್ಟದೆ ಅದಕ್ಕೂ ಮೊದಲೇ ಬಿದ್ದುಹೋದವೂ ಇರುತ್ತವೆ. ಮೂರನೆಯದು, ಈ ದಾಖಲೆಗಳೆಲ್ಲ ಭಾರತೀಯ ಪೇಟೆಂಟ್ ಕಚೇರಿಯ ತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ನನ್ನ ತಕರಾರು ಇರುವುದು ಇಲ್ಲಿ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದೆ, ಒಂದೇ ಒಂದು ಕ್ಲೇಮ್ ಓದುವುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ನಮ್ಮ ಕಾನೂನು ಹೆದರಿಸಲು ಹುಟ್ಟಿದ್ದಲ್ಲ. ವಿದೇಶಿ ಕಂಪನಿಗಳು ಇಲ್ಲಿ ಪೇಟೆಂಟ್ ಪಡೆಯುವುದು ಇಲ್ಲಿ ತಯಾರಿಸಲಿಕ್ಕಲ್ಲ, ಮಾರುಕಟ್ಟೆ ಹಿಡಿದಿಟ್ಟುಕೊಳ್ಳಲಿಕ್ಕೆ ಅಂತ ರಾಜಗೋಪಾಲ ಅಯ್ಯಂಗಾರ್ ಸಮಿತಿ 1959ರಲ್ಲೇ ಹೇಳಿತ್ತು. ಅದರ ಮೇಲೆ ನಿಂತದ್ದು 1970ರ ಕಾಯ್ದೆ. ಬರೀ ಆಮದಿನ ಏಕಸ್ವಾಮ್ಯಕ್ಕಾಗಿ ಪೇಟೆಂಟ್ ಕೊಡುವುದಲ್ಲ ಎಂದು ಅದರ 83ನೇ ಕಲಂ ಹೇಳುತ್ತದೆ. ಪೇಟೆಂಟ್ ಮಂಜೂರಾಗುವ ಮೊದಲು ಯಾರು ಬೇಕಾದರೂ ಆಕ್ಷೇಪಿಸಬಹುದು ಎಂದು 25ನೇ ಕಲಂ ಹೇಳುತ್ತದೆ. 'ಯಾರು ಬೇಕಾದರೂ' ಅಂದರೆ ಮಹಾಲಿಂಗಪುರದ ಲೇತ್ ಅಂಗಡಿಯವನೂ ಸೇರಿ. ಹಕ್ಕು ಕಾಗದದ ಮೇಲಿದೆ, ಓದಲು ಬೇಕಾದ ಅಕ್ಷರಜ್ಞಾನ ದೊಡ್ಡ ಕಂಪನಿಗಳ ವಕೀಲರ ಬಳಿ ಮಾತ್ರ ಇದೆ.

ಗೆಳೆಯನಿಗೆ ಹೇಳಿದ್ದು ಇಷ್ಟೇ: 'ಪೇಟೆಂಟಿಗೆ ಅಂಜಿ ಲೋಹ ಬದಲಿಸಬ್ಯಾಡ. ಯಾವ ಬಾವಿ ಅಂತ ಮೊದಲ ಕೇಳು. ಪೇಟೆಂಟ್ ನಂಬರ್ ಇಸ್ಕೊ, ಇಬ್ರೂ ಕೂತು ಕ್ಲೇಮ್ ಓದೂಣು. ಆರ್ಡರ್ ಹಿಡಿಯೋಕೆ ಮೊದಲು ಪೇಟೆಂಟ್ ಏಜೆಂಟ್ ಒಬ್ಬರನ್ನ ಕೇಳೂಣು.'

ಎರಡು ದಿನ ಬಿಟ್ಟು ಫೋನ್ ಮಾಡಿದ. ನಂಬರ್ ಕೇಳಿದರೆ ಆ ದಲ್ಲಾಳಿ ಬಳಿ ಉತ್ತರವೇ ಇರಲಿಲ್ಲವಂತೆ. 'ಪೇಟೆಂಟ್ ಐತಿ' ಅಂತ ಅವನಿಗೂ ಯಾರೋ ಹೇಳಿದ್ದರಂತೆ.