ಫಾರ್ಮ್ಯಾಟ್ ಒತ್ತುವ ಮುಂಚೆ: ತೆರೆಯದ ಡಿಸ್ಕ್ ಸತ್ತಿಲ್ಲ

"ಅಕ್ಕಾ, ಇದು ಫಾರ್ಮ್ಯಾಟ್ ಮಾಡು ಅಂತ ಕೇಳ್ತಾ ಅದೆ. ಮಾಡ್ಬುಡ್ಲಾ?"

ಭಾರತೀನಗರದ ಜೆರಾಕ್ಸ್ ಅಂಗಡಿ ಹುಡುಗ ಮೌಸ್ ಮೇಲೆ ಬೆರಳಿಟ್ಟುಕೊಂಡೇ ಕೇಳಿದ. ಬೇಡ ಅಂತ ನಾನು ಹೆಚ್ಚುಕಮ್ಮಿ ಕೂಗಿಯೇಬಿಟ್ಟೆ.

ಆ ಡಿಸ್ಕಿನಲ್ಲಿ ಇದ್ದದ್ದು ಕೆಲವು ಹೆಂಗಸರ ದನಿ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು ಬಯಲಾಯಿತಲ್ಲ, ಅದಾದ ಮೇಲೆ ಮದ್ದೂರು-ಮಳವಳ್ಳಿ ಕಡೆ ಓಡಾಡಿ ರೆಕಾರ್ಡ್ ಮಾಡಿಕೊಂಡ ಮಾತುಗಳು. ಹೆಸರು ಆಚೆ ಬರಲ್ಲ ಅಂತ ಪ್ರತಿಯೊಬ್ಬರಿಗೂ ಮಾತು ಕೊಟ್ಟಿದ್ದೆ. ಅದಕ್ಕೇ ಡಿಸ್ಕನ್ನು ಪೂರ್ತಿ ಎನ್‌ಕ್ರಿಪ್ಟ್ ಮಾಡಿದ್ದು. ಪ್ರತಿ ಹೆಚ್ಚಾದಷ್ಟೂ ಸೋರುವ ದಾರಿ ಹೆಚ್ಚು ಅಂತ ಇನ್ನೊಂದು ಕಾಪಿಯನ್ನೂ ಇಟ್ಟಿರಲಿಲ್ಲ. ಬೈಯುವವರು ಬೈಯಬಹುದು.

ಅವರಲ್ಲೊಬ್ಬರು, ಬರೆಯುವ ಮೊದಲು ನಾನು ಹೇಳಿದ್ದನ್ನ ನಾನೇ ಒಂದ್ಸಲ ಕೇಳಬೇಕು ಅಂದಿದ್ದರು. ಸಂತೆ ಸಾಮಾನಿನ ನೆಪದಲ್ಲಿ ಬಂದು ನನ್ನ ಗೆಳತಿಯ ಮನೆಯಲ್ಲಿ ಕೂತಿದ್ದರು. ನಾಲ್ಕು ಗಂಟೆ ಬಸ್ಸಿಗೆ ವಾಪಸ್ ಹೋಗಬೇಕು. ಎರಡೂವರೆಗೆ ನನ್ನ ಲ್ಯಾಪ್‌ಟಾಪ್ ಡಿಸ್ಕ್ ತೆರೆಯಲ್ಲ ಅಂತು. ಗಾಬರಿಯಲ್ಲಿ ಜೆರಾಕ್ಸ್ ಅಂಗಡಿಗೆ ಓಡಿದ್ದೆ, ಅದು ನನ್ನ ಎರಡನೇ ತಪ್ಪು. ಅಲ್ಲಿದ್ದದ್ದು ವಿಂಡೋಸ್. ನನ್ನ ಡಿಸ್ಕಿನ ಬೀಗ ಲಿನಕ್ಸ್‌ನ ಲಕ್ಸ್ (ಸೋಪಲ್ಲ, ಎನ್‌ಕ್ರಿಪ್ಷನ್ ಮಾದರಿಯ ಹೆಸರು). ವಿಂಡೋಸ್‌ಗೆ ಅದು ಅರ್ಥವಾಗಲ್ಲ. ಅರ್ಥವಾಗದ್ದನ್ನೆಲ್ಲ ಅದು ಖಾಲಿ ಹೊಲ ಅಂದುಕೊಂಡು, ಉತ್ತುಬಿಡಲಾ ಅಂತ ಕೇಳುತ್ತೆ. ಹೂಂ ಅಂದರೆ ಡಿಸ್ಕಿನ ತಲೆಭಾಗದಲ್ಲಿರುವ ಹೆಡರ್ ಹಾಳಾಗಬಹುದು. ಹೆಡರ್ ಹೋದರೆ ಪಾಸ್‌ವರ್ಡ್ ಬಾಯಿಪಾಠ ಇದ್ದರೂ ಪ್ರಯೋಜನವಿಲ್ಲ, ನಿಜವಾದ ಕೀಲಿ ಇರುವುದೇ ಅಲ್ಲಿ.

ವಾಪಸ್ ಬಂದು ಟರ್ಮಿನಲ್ ತೆರೆದೆ. ಎರರ್ ಮೆಸೇಜ್ ಮೊದಲೂ ಅದೇ ಇತ್ತು, ನಾನು ಓದಿರಲಿಲ್ಲ ಅಷ್ಟೇ: ಡಿವೈಸ್-ಮ್ಯಾಪರ್ ಶುರು ಮಾಡಲಾಗುತ್ತಿಲ್ಲ, ಡಿಎಂ-ಮಾಡ್ ಎಂಬ ಕರ್ನಲ್ ಮಾಡ್ಯೂಲ್ ಲೋಡ್ ಆಗಿದೆಯಾ ಅಂತ ಅದೇ ನನ್ನನ್ನು ಕೇಳುತ್ತಿತ್ತು. ಪಾಸ್‌ವರ್ಡ್ ತಪ್ಪು ಅಂದಿರಲಿಲ್ಲ. ಡಿಸ್ಕ್ ಕೆಟ್ಟಿದೆ ಅಂತಲೂ ಅಂದಿರಲಿಲ್ಲ.

ಕರ್ನಲ್ ಅಂದರೆ ಟ್ರ್ಯಾಕ್ಟರ್ ಅಂದುಕೊಳ್ಳಿ. ಮಾಡ್ಯೂಲ್‌ಗಳು ನೇಗಿಲು, ರೋಟವೇಟರ್, ಟ್ರೈಲರ್. ಬೇಕಾದಾಗ ಸಿಕ್ಕಿಸಿಕೊಳ್ಳೋದು, ಬೇಡವಾದಾಗ ಬಿಚ್ಚಿಡೋದು. ಎನ್‌ಕ್ರಿಪ್ಟ್ ಆದ ಡಿಸ್ಕ್ ತೆರೆಯಲು ಒಂದಲ್ಲ, ಸಾಲಾಗಿ ಹಲವು ಬೇಕು: ಯುಎಸ್‌ಬಿಯದ್ದು, ಡಿವೈಸ್-ಮ್ಯಾಪರ್, ಡಿಎಂ-ಕ್ರಿಪ್ಟ್, ಎಇಎಸ್, ಎಕ್ಸ್‌ಟಿಎಸ್‌ನಂಥ ಗೂಢಲಿಪಿಯ ಮಾಡ್ಯೂಲ್‌ಗಳು, ಕೊನೆಗೆ ಫೈಲ್‌ಸಿಸ್ಟಮ್. ಎಷ್ಟೋ ಸಲ ಇವು ಕರ್ನಲ್ ಒಳಗೇ ಕೂತಿರುತ್ತವೆ. ಬೇರೆಯಾಗಿದ್ದರೆ ಅದೇ ಆವೃತ್ತಿಯ ಕರ್ನಲ್‌ಗೆ ಮಾಡಿದ್ದೇ ಬೇಕು. ಪಿನ್ ಒಂದು ನೂಲು ದಪ್ಪ ಆದರೂ ಕೊಂಡಿಗೆ ಇಳಿಯಲ್ಲವಲ್ಲ, ಹಾಗೆ.

ನಾನು ಹಿಂದಿನ ರಾತ್ರಿ ಅಪ್‌ಡೇಟ್ ಕೊಟ್ಟು, ರೀಬೂಟ್ ಮಾಡದೆ ಮುಚ್ಚಳ ಮುಚ್ಚಿ ಬಸ್ ಹತ್ತಿದ್ದೆ. ನಾನು ಬಳಸುವ ಲಿನಕ್ಸ್ ಹಳೇ ಕರ್ನಲ್‌ನ ಮಾಡ್ಯೂಲ್‌ಗಳನ್ನು ಅಪ್‌ಡೇಟ್ ಆದಾಗಲೇ ಅಳಿಸುತ್ತೆ. ಮೆಮೊರಿಯಲ್ಲಿ ಓಡುತ್ತಿದ್ದದ್ದು ಹಳೇ ಕರ್ನಲ್, ಫೋಲ್ಡರ್‌ನಲ್ಲಿದ್ದದ್ದು ಹೊಸದರ ಮಾಡ್ಯೂಲ್. ಬೆಳಿಗ್ಗೆ ಪೆನ್‌ಡ್ರೈವ್ ಹಾಕಿದ್ದರಿಂದ ಯುಎಸ್‌ಬಿ ಮಾಡ್ಯೂಲ್ ಮಾತ್ರ ಆಗಲೇ ಲೋಡ್ ಆಗಿತ್ತು. ಹಾಗಾಗಿ ಡಿಸ್ಕ್ ಕಾಣಿಸಿತು, ಬೀಗ ಮಾತ್ರ ತೆಗೆಯಲಿಲ್ಲ. ಯುನೇಮ್ ಆಜ್ಞೆ ಹೇಳಿದ ಆವೃತ್ತಿಯನ್ನೂ ಮಾಡ್ಯೂಲ್ ಫೋಲ್ಡರ್‌ನ ಹೆಸರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಎಲ್ಲ ಬಯಲಾಯಿತು. ಡೆಬಿಯನ್, ಉಬುಂಟು ಸಾಮಾನ್ಯವಾಗಿ ಹಳೇ ಕರ್ನಲ್ ಒಂದನ್ನಾದರೂ ಉಳಿಸಿಕೊಳ್ಳುತ್ತವೆ, ಅಲ್ಲಿ ಈ ಗೋಳು ಕಮ್ಮಿ.

ಇಂಥ ಹೊತ್ತಲ್ಲಿ ಮಾಡ್ಯೂಲನ್ನು ಬಲವಂತವಾಗಿ ಲೋಡ್ ಮಾಡಿಸುವ ಆಯ್ಕೆಯೂ ಇದೆ. ಮುಟ್ಟಬೇಡಿ. ಹೊಂದದ ಮಾಡ್ಯೂಲ್ ಕರ್ನಲ್ ಒಳಗೆ ನುಗ್ಗಿದರೆ ಯಂತ್ರ ಕುಸಿಯಬಹುದು, ಡಿಸ್ಕಿಗೆ ತಪ್ಪು ಬರಹವೂ ಬೀಳಬಹುದು.

ಎರರ್ ಬೇರೆ ಇದ್ದರೆ ರೋಗವೂ ಬೇರೆ. ಡಿಸ್ಕ್ ಬಳಕೆಯಲ್ಲಿದೆ ಅಂತ ಬಂದರೆ ಅಲ್ಲಿ ಜಗಳ ನಡೀತಿದೆ ಅಂತರ್ಥ: ಡೆಸ್ಕ್‌ಟಾಪ್ ತಾನಾಗೇ ಡಿಸ್ಕನ್ನು ತೆರೆದು ಹಿಡಿದುಕೊಂಡಿರುತ್ತೆ, ನೀವು ಟರ್ಮಿನಲ್‌ನಿಂದ ಮತ್ತೆ ಬಾಗಿಲು ತಟ್ಟುತ್ತಿರುತ್ತೀರಿ. ಎಲ್‌ಎಸ್‌ಬಿಎಲ್‌ಕೆ ಆಜ್ಞೆ ಕೊಟ್ಟರೆ ಯಾರ ಕೈಯಲ್ಲಿದೆ ಅಂತ ಕಾಣುತ್ತೆ. ಇನ್ನು ವೆರಾಕ್ರಿಪ್ಟ್ ಬಳಸುವವರಿಗೆ ಒಂದು ಒಳದಾರಿ ಉಂಟು. ಅದರ ಸೆಟ್ಟಿಂಗ್‌ನಲ್ಲಿ ಕರ್ನಲ್‌ನ ಕ್ರಿಪ್ಟೊ ಸೇವೆ ಬಳಸಬೇಡ ಅಂತ ಗುರುತು ಹಾಕಿದರೆ, ಬೀಗ ತೆಗೆಯುವ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತೆ. ನಿಧಾನ, ಆದರೆ ಡಿಎಂ-ಕ್ರಿಪ್ಟ್ ತಂಟೆಯಿಲ್ಲ.

ಇಷ್ಟೆಲ್ಲ ಒದ್ದಾಟ ಯಾಕೆ, ಗೂಗಲ್ ಡ್ರೈವ್‌ಗೆ ಹಾಕಿಡಬಾರದಾ ಅಂತ ಗೆಳತಿ ಕೇಳಿದಳು. 2023ರ ಅಕ್ಟೋಬರ್‌ನಲ್ಲಿ ನ್ಯೂಸ್‌ಕ್ಲಿಕ್ ಜೊತೆ ನಂಟಿದ್ದ ಪತ್ರಕರ್ತರ ಮನೆಗಳಿಂದ ಪೊಲೀಸರು ಲ್ಯಾಪ್‌ಟಾಪ್, ಫೋನ್ ಎತ್ತಿಕೊಂಡು ಹೋದದ್ದು ನಿಮಗೆ ನೆನಪಿರಬೇಕು. ಮರುತಿಂಗಳೇ ಸುಪ್ರೀಂ ಕೋರ್ಟ್, ಪತ್ರಕರ್ತರ ಸಾಧನ ಜಪ್ತಿಗೆ ಸರಿಯಾದ ಮಾರ್ಗಸೂಚಿ ಬೇಕು ಅಂತ ಕೇಂದ್ರಕ್ಕೆ ಹೇಳಿತು. ಅದಕ್ಕೂ ಮೊದಲು, 2021ರ ಮಾರ್ಚ್‌ನಲ್ಲಿ, ನಮ್ಮದೇ ಹೈಕೋರ್ಟ್ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಪಾಸ್‌ವರ್ಡ್ ಕೊಡಿಸುವುದು ತನ್ನ ವಿರುದ್ಧವೇ ಸಾಕ್ಷಿ ಹೇಳಿಸಿದಂತಲ್ಲ ಎಂದಿತ್ತು. ಅಂದರೆ ಎನ್‌ಕ್ರಿಪ್ಷನ್ ಕೂಡ ಪೂರ್ತಿ ರಕ್ಷಣೆ ಅಲ್ಲ. ಆದರೆ ಕಳೆದುಹೋದ ಬ್ಯಾಗು, ರಿಪೇರಿ ಅಂಗಡಿಯ ಕುತೂಹಲ, ನೆಂಟರ ಕಣ್ಣು, ಇವುಗಳಿಂದ ಆ ಹೆಂಗಸರನ್ನು ಕಾಯೋದು ಅದೊಂದೇ. ಹಳ್ಳಿಯಲ್ಲಿ ದೊಡ್ಡ ಅಪಾಯ ಬರೋದು ಪೊಲೀಸರಿಗಿಂತ ಹೆಚ್ಚಾಗಿ ಅಲ್ಲಿಂದಲೇ ಅನ್ನೋದು ನನ್ನ ಅನುಭವ.

ರೀಬೂಟ್ ಆಗಲು ಎರಡು ನಿಮಿಷವೂ ಬೇಕಾಗಲಿಲ್ಲ. ಪಾಸ್‌ವರ್ಡ್ ಹಾಕಿದೆ, ತೆರೆಯಿತು. ಆಕೆ ಇಯರ್‌ಫೋನ್ ಹಾಕಿಕೊಂಡು ಕಣ್ಣುಮುಚ್ಚಿ ಪೂರ್ತಿ ಕೇಳಿಸಿಕೊಂಡರು. ಅತ್ತೆಯ ಬಗ್ಗೆ ಹೇಳಿದ್ದ ಒಂದು ಮಾತು ತೆಗೆದುಬಿಡಿ ಅಂದರು. ಅವರ ಎದುರಲ್ಲೇ ಕತ್ತರಿಸಿದೆ, ಇನ್ನೊಂದ್ಸಲ ಕೇಳಿಸಿದೆ. ಆಮೇಲೆ ಈರುಳ್ಳಿ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡ್ ಕಡೆ ನಡೆದರು. ಆ ರಾತ್ರಿಯೇ ಡಿಸ್ಕಿನ ಹೆಡರ್‌ಗೊಂದು ಬ್ಯಾಕಪ್ ತೆಗೆದು ಬೇರೆ ಕಡೆ ಇಟ್ಟೆ, ಅದಕ್ಕೆ ಒಂದೇ ಒಂದು ಆಜ್ಞೆ ಸಾಕು.