ಸೂಜಿಗಲ್ಲಿನ ಒಳಗುಟ್ಟು

ಜನರನ್ನು ಬೇಗ ಒಲಿಸಿಕೊಳ್ಳುವವರನ್ನು ಕಂಡರೆ ‘ಸೂಜಿಗಲ್ಲಿನಂತೆ ಸೆಳೆಯುತ್ತಾರೆ’ ಎನ್ನುತ್ತೇವೆ. ಮಾತು ಎಲ್ಲರಿಗೂ ಗೊತ್ತು. ಕಲ್ಲನ್ನು ಕಂಡವರು ಕಡಿಮೆ. ಸೂಜಿಯನ್ನು ಸೆಳೆಯುವುದರಿಂದ ಕನ್ನಡದಲ್ಲಿ ಅದಕ್ಕೆ ಆ ಹೆಸರು. ಸಂಸ್ಕೃತದಲ್ಲಿ ಅಯಸ್ಕಾಂತ, ಅಂದರೆ ಕಬ್ಬಿಣಕ್ಕೆ ಪ್ರಿಯವಾದದ್ದು. ಭೂವಿಜ್ಞಾನಿಗಳ ಪಾಲಿಗೆ ಅದು ಮ್ಯಾಗ್ನಟೈಟ್.

ಮೂರು ಕಬ್ಬಿಣದ ಪರಮಾಣುಗಳಿಗೆ ನಾಲ್ಕು ಆಮ್ಲಜನಕದ ಪರಮಾಣುಗಳು ಸೇರಿ ಆದ ಖನಿಜ ಇದು. ತೂಕದಲ್ಲಿ ನೂರಕ್ಕೆ 72 ಪಾಲು ಕಬ್ಬಿಣವೇ. ಚೆನ್ನಾಗಿ ಬೆಳೆದ ಹರಳಿಗೆ ಎಂಟು ಮುಖ. ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಕೂಡಿಸಿದ ಹಾಗೆ. ಬಣ್ಣ ಕಪ್ಪು. ಹೊಳಪಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದರೆ ಬೀಳುವ ಗೆರೆಯೂ ಕಪ್ಪು. ಹೆಮಟೈಟ್ ಅದಿರಾದರೆ ಕೆಂಪು ಗೆರೆ ಬೀಳುತ್ತದೆ.

ಆ ಮೂರು ಕಬ್ಬಿಣದ ಪರಮಾಣುಗಳು ಒಂದೇ ಸ್ಥಿತಿಯಲ್ಲಿಲ್ಲ. ಎರಡು ಪರಮಾಣುಗಳು ಮೂರು ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡಿವೆ, ಮತ್ತೊಂದು ಎರಡನ್ನು ಮಾತ್ರ. ಪ್ರತಿಯೊಂದೂ ಒಂದು ಪುಟಾಣಿ ಕಾಂತ. ಮೊದಲಿನ ಎರಡು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗಿ ನಿಂತು ತಮ್ಮ ಬಲವನ್ನು ತಾವೇ ಕಳೆದುಕೊಳ್ಳುತ್ತವೆ. ಮೂರನೆಯದರ ಬಲ ಉಳಿಯುತ್ತದೆ. ಹಗ್ಗ ಜಗ್ಗುವ ಪಂದ್ಯದಲ್ಲಿ ಒಂದು ಕಡೆ ಒಬ್ಬ ಹೆಚ್ಚಿದ್ದಂತೆ! ಈ ಗುಟ್ಟನ್ನು 1948ರಲ್ಲಿ ಬಿಡಿಸಿದವರು ಫ್ರಾನ್ಸಿನ ಲೂಯಿ ನೀಲ್. 1970ರಲ್ಲಿ ಅವರಿಗೆ ನೊಬೆಲ್ ಬಂತು. ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿದರೆ ಈ ಶಿಸ್ತೆಲ್ಲ ಚದುರಿಹೋಗುತ್ತದೆ.

ಹಾಗಾದರೆ ಮ್ಯಾಗ್ನಟೈಟ್ ಎಲ್ಲವೂ ಸೂಜಿಗಲ್ಲೇ? ಅಲ್ಲ. ಸಾಮಾನ್ಯ ತುಂಡು ಕಾಂತಕ್ಕೆ ಅಂಟಿಕೊಳ್ಳುತ್ತದೆ, ತಾನಾಗಿ ಸೂಜಿಯನ್ನು ಎತ್ತದು. ಅದರೊಳಗಿನ ಸಣ್ಣ ಸಣ್ಣ ವಲಯಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿರುತ್ತವೆ. ಅವನ್ನು ಒಂದೇ ದಿಕ್ಕಿಗೆ ಹೊರಳಿಸಲು ಭೂಮಿಯ ಕಾಂತಬಲ ಸಾಲದು. ಸಿಡಿಲು ಬಡಿದಾಗ ಹರಿಯುವ ವಿದ್ಯುತ್ತೇ ಆ ಕೆಲಸ ಮಾಡಿರಬೇಕು ಎಂಬುದು ಅನೇಕ ವಿಜ್ಞಾನಿಗಳ ಅಭಿಪ್ರಾಯ.

ನಮ್ಮ ಕುದುರೆಮುಖದಲ್ಲಿ ಇದ್ದದ್ದು ಈ ಸಾಮಾನ್ಯ ಬಗೆಯ ಮ್ಯಾಗ್ನಟೈಟ್. ಬಡ ಅದಿರು, ಕಬ್ಬಿಣದ ಅಂಶ ನೂರಕ್ಕೆ ನಲವತ್ತೂ ಇಲ್ಲ. ಆದರೂ ಅದನ್ನು ಅಗೆದದ್ದೇಕೆ? ಪುಡಿ ಮಾಡಿದರೆ ಕಾಂತದಿಂದ ಕಬ್ಬಿಣದ ಭಾಗವನ್ನು ಬೇರ್ಪಡಿಸಬಹುದು ಎಂಬ ಕಾರಣಕ್ಕೆ. ಹಾಗೆ ಆರಿಸಿದ ಪುಡಿ ನೀರಿನಲ್ಲಿ ಬೆರೆತು ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರು ಸೇರುತ್ತಿತ್ತು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು, ಕಾಡು ಕರಗಿತು, ಭದ್ರೆಯ ನೀರು ಕದಡಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಖನಿಜದ ಒಂದು ಗುಣ ಒಂದು ಬೆಟ್ಟಸಾಲಿನ ಹಣೆಬರಹ ಬರೆಯಬಲ್ಲದು ನೋಡಿ.

ಇನ್ನೊಂದು ಗುಣ ನೆನಪಿನದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನಲ್ಲಿ ಹರಿದ ಲಾವಾ ಆರುವಾಗ, ಅದರೊಳಗಿನ ಮ್ಯಾಗ್ನಟೈಟ್ ಜಾತಿಯ ಕಣಗಳು ಅಂದಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಂಡವು. ಆ ದಿಕ್ಕಿನ ಓರೆಯನ್ನು ಅಳೆದಾಗ ತಿಳಿದದ್ದು: ಆಗ ಈ ನೆಲ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು! ವಿಜಾಪುರದ ಗೋಲಗುಮ್ಮಟದ ಕಪ್ಪು ಕಲ್ಲೂ ಇದೇ ಲಾವಾ. ಅದರಲ್ಲಿ ದಿಕ್ಕು ಹುಡುಕಿದರೆ ಮಾತ್ರ ಪ್ರಯೋಜನವಿಲ್ಲ. ಕಲ್ಲುಕುಟಿಗರು ತಮಗೆ ಬೇಕಾದಂತೆ ಹೊರಳಿಸಿ ಗೋಡೆ ಕಟ್ಟಿದ್ದಾರೆ.