ಉಗುರು ಅಲಂಕಾರದ ದರಪಟ್ಟಿ: ಅಚ್ಚಿಗೆ ಕೊಡುವ ಮುನ್ನ

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯಕ್ಕೆ ಹೋದವರು ಅಲ್ಲಿನ ಸೇವೆಗಳ ದರಪಟ್ಟಿಯನ್ನು ಗಮನಿಸಿರಬಹುದು. ಒಂದು ಕಡೆ ಸೇವೆಯ ಹೆಸರು, ಅದರ ಎದುರಿಗೆ ರೂಪಾಯಿ. ದೂರದ ಹಳ್ಳಿಯಿಂದ ಬಂದ ಭಕ್ತರು ಯಾರನ್ನೂ ಕೇಳದೆ ತಮ್ಮ ಶಕ್ತ್ಯನುಸಾರ ಒಂದು ಸೇವೆಯನ್ನು ಆರಿಸಿಕೊಳ್ಳಬಹುದು. ಬೆಲೆ ಕೇಳಲು ಸಂಕೋಚಪಡುವವರಿಗೆ ಕೇಳದೆಯೇ ಉತ್ತರ ಕೊಡುವುದು ದರಪಟ್ಟಿಯ ಮುಖ್ಯ ಕೆಲಸ.

ಇಂಥ ಸಂಕೋಚ ಬ್ಯೂಟಿ ಪಾರ್ಲರ್‌ಗಳಲ್ಲಿ ಹೆಚ್ಚು. ನಂಜನಗೂಡು, ತಿ. ನರಸೀಪುರದಂಥ ತಾಲ್ಲೂಕು ಕೇಂದ್ರಗಳಲ್ಲಿ ಉಗುರಿನ ಅಲಂಕಾರವು ಸಾಮಾನ್ಯವಾಗಿ ಪಾರ್ಲರ್ ಕೆಲಸದ ಒಂದು ಭಾಗ. ಗೋರಂಟಿ ಸೊಪ್ಪು ಅರೆದು ಬೆರಳ ತುದಿಗೆ ಮೆತ್ತುತ್ತಿದ್ದ ಮನೆಗಳ ಹೆಣ್ಣುಮಕ್ಕಳು ಇಂದು ಮದುವೆಗೆ ಮುನ್ನ ಜೆಲ್ ಪಾಲಿಶ್, ನೇಲ್ ಆರ್ಟ್ ಕೇಳುತ್ತಾರೆ. ಹೆಸರು ಹೊಸದು, ಬೆಲೆ ತಿಳಿಯದು. ಕೆಲಸ ಮುಗಿದ ಮೇಲೆ ಬೆಲೆ ಕೇಳಿ ಗಿರಾಕಿ ಗಾಬರಿಯಾದರೆ ಅಂಗಡಿಯಾಕೆ ಕಡಿಮೆ ಹಣಕ್ಕೆ ಒಪ್ಪಬೇಕು. ಇಲ್ಲವೇ ಆ ಗಿರಾಕಿಯನ್ನು ಕಳೆದುಕೊಳ್ಳಬೇಕು. ಸಾಲ ಮಾಡಿ ಅಂಗಡಿ ತೆರೆದವರಿಗೆ ಎರಡೂ ನಷ್ಟವೇ.

1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ಸಂಸ್ಥೆಗಳಲ್ಲಿ ಅನೇಕ ಯುವತಿಯರು ಬ್ಯೂಟಿ ಪಾರ್ಲರ್ ತರಬೇತಿ ಪಡೆಯುತ್ತಾರೆ. ಕೈಕೆಲಸದಷ್ಟೇ ಎಚ್ಚರಿಕೆಯಿಂದ ಕಲಿಯಬೇಕಾದದ್ದು ದರಪಟ್ಟಿ ಸಿದ್ಧಪಡಿಸುವ ಕ್ರಮ.

ಮೊದಲು ಲೆಕ್ಕ

ಪಕ್ಕದ ಅಂಗಡಿಯ ದರವನ್ನು ನೋಡಿ ಬರೆದರೆ ಸಾಲದು. ಉದಾಹರಣೆಗೆ, ಒಂದು ಅಂಗಡಿಯ ಬಾಡಿಗೆ, ವಿದ್ಯುತ್ ಎಲ್ಲ ಸೇರಿ ತಿಂಗಳಿಗೆ 6,000 ರೂಪಾಯಿ ಎಂದುಕೊಳ್ಳೋಣ. ಅಂಗಡಿಯಾಕೆಗೆ 12,000 ರೂಪಾಯಿ ದುಡಿಮೆ ಉಳಿಯಬೇಕು. ಅಂಗಡಿ ತಿಂಗಳಿಗೆ 200 ಗಂಟೆ ತೆರೆದಿದ್ದರೂ ಗಿರಾಕಿಗಳು ಕುಳಿತಿರುವುದು 100 ಗಂಟೆ ಮಾತ್ರ. ಆಗ ಒಂದು ಗಂಟೆಯ ಕೆಲಸದಿಂದ 180 ರೂಪಾಯಿ ಬರಬೇಕು. 45 ನಿಮಿಷದ ಕೆಲಸಕ್ಕೆ 135 ರೂಪಾಯಿ. ಸಾಮಗ್ರಿಗೆ 35 ರೂಪಾಯಿ ಸೇರಿದರೆ 170 ರೂಪಾಯಿ. ಖಾಲಿ ಕುಳಿತ ಗಂಟೆಗಳನ್ನು ಮರೆತು 200ರಿಂದ ಭಾಗಿಸಿದವರಿಗೆ ಬರುವ ಉತ್ತರ ಸುಮಾರು 103 ರೂಪಾಯಿ. ಆ ದರಕ್ಕೆ ದುಡಿದರೆ ತಿಂಗಳ ಕೊನೆಯಲ್ಲಿ ಕೈಗೆ ಏಕೆ ಹಣ ಉಳಿಯಲಿಲ್ಲ ಎಂಬುದೇ ತಿಳಿಯುವುದಿಲ್ಲ.

ಏನು ಬರೆಯಬೇಕು?

ಕೈ, ಕಾಲು, ಬಣ್ಣ ಮತ್ತು ಚಿತ್ರ, ತೆಗೆಯುವುದು ಎಂದು ನಾಲ್ಕು ಗುಂಪು ಮಾಡಿದರೆ ಹುಡುಕುವುದು ಸುಲಭ. 'ಮ್ಯಾನಿಕ್ಯೂರ್' ಎಂಬ ಹೆಸರೊಂದೇ ಇದ್ದರೆ ಹೊಸಬರಿಗೆ ಅರ್ಥವಾಗದು. ಅದರ ಕೆಳಗೆ 'ಕೈ ನೆನೆಸಿ, ಉಗುರು ತಿದ್ದಿ, ಬಣ್ಣ ಹಚ್ಚುವುದು – 45 ನಿಮಿಷ' ಎಂದು ಕನ್ನಡದಲ್ಲಿ ಬರೆಯಬೇಕು. 'ನೇಲ್ ಆರ್ಟ್ 50 ರೂಪಾಯಿ' ಎಂದರೆ ಒಂದು ಉಗುರಿಗೋ, ಹತ್ತು ಉಗುರಿಗೋ? ಜಗಳ ಹುಟ್ಟುವುದು ಇಲ್ಲಿಯೇ. ಆದ್ದರಿಂದ ಅಳತೆಯನ್ನು ಸ್ಪಷ್ಟವಾಗಿ ನಮೂದಿಸಬೇಕು.

ಜೆಲ್ ಪಾಲಿಶ್ ತೆಗೆಯುವ ದರವೂ ಪಟ್ಟಿಯಲ್ಲಿರಲಿ. ಅದು ಕಾಣದಿದ್ದರೆ ಕೆಲವರು ಮನೆಯಲ್ಲೇ ಕೆರೆದು ಕೀಳುತ್ತಾರೆ. ಬಣ್ಣದೊಂದಿಗೆ ಉಗುರಿನ ಮೇಲ್ಪದರವೂ ಏಳುತ್ತದೆ. ಕೈಬೆರಳ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಪೂರ್ತಿ ಹೊಸ ಉಗುರು ಬರಲು ಸುಮಾರು ಆರು ತಿಂಗಳು ಬೇಕು. 'ಉಗುರಿನ ಸುತ್ತ ಗಾಯ, ಕೀವು ಅಥವಾ ಅಲರ್ಜಿ ಇದ್ದರೆ ಮೊದಲೇ ತಿಳಿಸಿ' ಎಂಬ ಸಾಲೂ ಅಗತ್ಯ.

ಜಿಎಸ್‌ಟಿ ನೋಂದಣಿ ಇಲ್ಲದ ಅಂಗಡಿ ತೆರಿಗೆಯೆಂದು ಪ್ರತ್ಯೇಕ ಹಣ ಪಡೆಯುವಂತಿಲ್ಲ. ನೋಂದಣಿ ಇದ್ದರೆ, ದರದಲ್ಲಿ ತೆರಿಗೆ ಸೇರಿದೆಯೇ ಇಲ್ಲವೇ ಎಂಬುದನ್ನು ಪಟ್ಟಿಯಲ್ಲಿ ತಿಳಿಸುವುದು ಒಳ್ಳೆಯದು.

ಅಕ್ಷರ ಮತ್ತು ಕಾಗದ

ಕನ್ನಡಕ್ಕೆ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. 'ಬಣ್ಣ ಹಚ್ಚುವುದು' ಎಂಬ ಎರಡೇ ಪದಗಳಲ್ಲಿ ಎರಡು ಒತ್ತಕ್ಷರಗಳಿವೆ. ಸಾಲುಗಳು ಒತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. 14 ಪಾಯಿಂಟ್ ಅಕ್ಷರಕ್ಕೆ 20 ಪಾಯಿಂಟ್‌ನಷ್ಟು ಸಾಲಿನ ಅಂತರ ಕೊಟ್ಟರೆ ವಯಸ್ಸಾದವರೂ ಓದಬಲ್ಲರು. ತಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಉತ್ತಮ. ಹೂವಿನ ಚಿತ್ರದ ಮೇಲೆ ಅಕ್ಷರ ಬೇಡ. ದರಗಳೆಲ್ಲ ಬಲಗಡೆ ಒಂದೇ ನೇರದಲ್ಲಿರಲಿ.

ಸಣ್ಣ ಅಂಗಡಿಗೆ ಎ5 ಅಳತೆಯ, ಅಂದರೆ 148 x 210 ಮಿಲಿಮೀಟರ್‌ನ ದಪ್ಪ ಕಾರ್ಡು ಸಾಕು. ಲೇಸರ್ ಮುದ್ರಣದ ಮಸಿ ಉಗುರುಬಣ್ಣ ತೆಗೆಯುವ ಅಸಿಟೋನ್ ತಾಗಿದರೆ ಕರಗುತ್ತದೆ. ಆದ್ದರಿಂದ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸುವುದು ಲೇಸು. ಮದುವೆಯ ಕಾಲ, ನಂಜನಗೂಡಿನ ದೊಡ್ಡ ಜಾತ್ರೆ, ತಿ. ನರಸೀಪುರದ ಕುಂಭಮೇಳ ಮುಂತಾದ ಸಂದರ್ಭಗಳ ವಿಶೇಷ ದರಗಳನ್ನು ಬೇರೆ ಚೀಟಿಯಲ್ಲಿ ಅಚ್ಚು ಹಾಕಿಸಿದರೆ ಮೂಲ ಪಟ್ಟಿಯನ್ನು ಹೊಡೆದು ತಿದ್ದಬೇಕಾಗುವುದಿಲ್ಲ.

ಕರಡು ತಿದ್ದುವುದು

ಮನೆಯ ಕಂಪ್ಯೂಟರಿನಲ್ಲಿ ಸರಿಯಾಗಿದ್ದ ಕನ್ನಡ, ಫಾಂಟ್ ಬೇರೆಯಾದರೆ ಡಿಟಿಪಿ ಅಂಗಡಿಯಲ್ಲಿ ಚೆಲ್ಲಾಪಿಲ್ಲಿಯಾಗಬಹುದು. ಆದ್ದರಿಂದ ಪಿಡಿಎಫ್ ಕೊಡಬೇಕು; ಕಾಗದದ ಮೇಲೆ ಒಂದು ಕರಡು ತೆಗೆಸಿ ನೋಡಬೇಕು. ಒಬ್ಬರು ದರಗಳನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕೈಬರಹದ ಮೂಲಪ್ರತಿಯೊಂದಿಗೆ ಹೋಲಿಸಲಿ. 150 ಎಂಬುದು 1,500 ಆಗಲು ಒಂದು ಸೊನ್ನೆ ಸಾಕು.

ವಿದ್ಯಾರ್ಥಿಗಳು ಇದನ್ನೊಂದು ಚಟುವಟಿಕೆಯಾಗಿ ಮಾಡಬಹುದು. ನಿಮ್ಮ ಊರಿನ ಒಂದು ಪಾರ್ಲರ್ ಅಥವಾ ಟೈಲರ್ ಅಂಗಡಿಯವರ ಒಪ್ಪಿಗೆ ಪಡೆದು, ಲೆಕ್ಕ ಹಾಕಿ, ಒಂದು ದರಪಟ್ಟಿ ಸಿದ್ಧಪಡಿಸಿ. ನಂತರ ಅದನ್ನು ನಿಮ್ಮ ಅಜ್ಜಿಯ ಕೈಗೆ ಕೊಡಿ. ಅವರು ನಿಮ್ಮನ್ನು ಏನನ್ನು ಕೇಳುತ್ತಾರೋ, ಪಟ್ಟಿಯಲ್ಲಿ ಅದು ಇನ್ನೂ ಸೇರಬೇಕಾಗಿದೆ ಎಂದು ತಿಳಿಯಿರಿ.